ಕೇಳದೇ ಉಳಿಯುವ ಮೂರನೆಯ ಪ್ರಶ್ನೆ

ಆಷಾಢದ ಮಳೆ ಹಿಡಿಯಿತೆಂದರೆ ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಿಗೆ ಲೋಕ ಅಂಗಳದ ತುದಿಗೇ ಮುಗಿದುಹೋಗುತ್ತದೆ. ಅಂಥ ಒಂದು ಮನೆಗೆ, ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗ, ರಜೆಯಲ್ಲದ ದಿನ ಚೀಲ ಹೊತ್ತು ಬಂದಿಳಿಯುತ್ತಾನೆ. ಎರಡು ವಾರ ಯಾರ ಜೊತೆಗೂ ಮಾತಿಲ್ಲ. ರಾತ್ರಿಯಿಡೀ ಎಚ್ಚರ, ಹಗಲೆಲ್ಲ ಕಂಬಳಿಯೊಳಗೆ. ಆಮೇಲೊಂದು ಸಂಜೆ ಅಜ್ಜಿಯ ಹತ್ತಿರ ಬಂದು, ಹಂಚಿನ ಮೇಲೆ ಬೀಳುವ ಮಳೆಯೊಳಗೆ ಇಬ್ಬರು ತನ್ನನ್ನು ಬೈಯುತ್ತಿದ್ದಾರೆ ಎನ್ನುತ್ತಾನೆ. ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ಸರಿಸುತ್ತಾನೆ. ಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದು ಮುಚ್ಚುತ್ತಾನೆ.

ಈ ಹುಡುಗ ಯಾವುದೋ ಒಂದು ಮನೆಯವನಲ್ಲ. ಈ ಸೀಮೆಯ ಹಲವು ಮನೆಗಳಲ್ಲಿ ನಡೆಯುವುದನ್ನು ಕೂಡಿಸಿ ನಾನೇ ಕಟ್ಟಿಕೊಂಡವನು. ಹಾಗಾಗಿ ಹೆಸರಿಲ್ಲ.

ಮನೆಯಲ್ಲಿ ಹುಟ್ಟುವ ಮೊದಲ ಪ್ರಶ್ನೆ ‘ಯಾರು ಮಾಡಿಸಿದ್ದು?’ ಎಂಬುದು. ಬೇಲಿ ವ್ಯಾಜ್ಯದ ದಾಯಾದಿಯ ಹೆಸರು ಬರುತ್ತದೆ, ತೀರಿಸದೆ ಉಳಿದ ಚೌಡಿಯ ಹರಕೆ ನೆನಪಾಗುತ್ತದೆ. ನೋಟ ನೋಡಿಸಿ, ತಾಯಿತ ಕಟ್ಟಿಸಿ, ಯಂತ್ರ ಹುಗಿಸಿ ಮೂರ್ನಾಲ್ಕು ವಾರ ಕಳೆದ ಮೇಲೆ ಆಸ್ಪತ್ರೆ. ಅಲ್ಲಿ ಎರಡನೆಯ ಪ್ರಶ್ನೆ: ‘ನಿಮ್ಮ ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೆ?’ ಇದು ಕೇಳಲೇಬೇಕಾದ ಪ್ರಶ್ನೆ. ಅಪ್ಪ ನೆಲ ನೋಡುತ್ತಾ ತನ್ನ ಚಿಕ್ಕಪ್ಪನೊಬ್ಬ ಮನೆ ಬಿಟ್ಟು ಹೋದದ್ದನ್ನು ಹೇಳುತ್ತಾನೆ. ‘ಇವನಿಗೆ ಏನಾಗಿತ್ತು?’ ಎಂಬ ಮೂರನೆಯ ಪ್ರಶ್ನೆ ಮಾತ್ರ ಮನೆಯಲ್ಲೂ ಬರುವುದಿಲ್ಲ, ಐವತ್ತು ಜನ ಕಾಯುತ್ತಿರುವ ಹೊರರೋಗಿ ವಿಭಾಗದಲ್ಲೂ ಬರುವುದಿಲ್ಲ. ಈ ಬರಹ ಆ ಪ್ರಶ್ನೆಯ ಕುರಿತು, ಅಂದರೆ ಹಿಂದೆ ಆದ ಆಘಾತಕ್ಕೂ ಈ ಹುಡುಗನಿಗೆ ಬಂದ ಸೈಕೋಸಿಸ್‌ಗೂ ಇರಬಹುದಾದ ನಂಟಿನ ಕುರಿತು.

ಮೊದಲು ಸೈಕೋಸಿಸ್ ಎಂದರೇನು ಎಂಬುದು. ಕನ್ನಡದಲ್ಲಿ ಚಿತ್ತವಿಕಲತೆ ಎಂದು ಬರೆಯುವುದುಂಟು. ಅದು ಒಂದೇ ರೋಗದ ಹೆಸರಲ್ಲ. ಹೊರಗೆ ನಡೆಯುತ್ತಿರುವುದಕ್ಕೂ ಒಳಗೆ ಹುಟ್ಟುತ್ತಿರುವುದಕ್ಕೂ ನಡುವಿನ ಗೆರೆ ಅಳಿಸಿಹೋಗುವ ಸ್ಥಿತಿ ಅದು. ಯಾರೂ ಇಲ್ಲದಿದ್ದರೂ ದನಿ ಕೇಳಿಸುತ್ತದೆ. ಎಷ್ಟು ಪುರಾವೆ ಕೊಟ್ಟರೂ ಅಲುಗದ ನಂಬಿಕೆಯೊಂದು ಬೇರೂರುತ್ತದೆ. ಮಾತಿನ ಎಳೆ ತಪ್ಪುತ್ತದೆ. ದೀರ್ಘಕಾಲ ಕಾಡುವ ಮನೋರೋಗವಾದ ಸ್ಕಿಜೋಫ್ರೇನಿಯಾದಲ್ಲಿ ಇದು ಇರುತ್ತದೆ, ತೀವ್ರ ಖಿನ್ನತೆಯಲ್ಲಿ ಮತ್ತು ಮನಸ್ಸು ಅತಿ ಉಬ್ಬರಕ್ಕೂ ಅತಿ ಇಳಿತಕ್ಕೂ ತೂಗುವ ಬೈಪೋಲಾರ್ ಕಾಯಿಲೆಯಲ್ಲಿ ಬರಬಹುದು, ಬಾಣಂತಿಗೂ ಬರಬಹುದು. ನೂರು ಜನರಲ್ಲಿ ಸುಮಾರು ಮೂವರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಇದು ಎದುರಾಗುತ್ತದೆ. ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ಮಧ್ಯದೊಳಗೆ. ಮಲೆನಾಡಿನ ಮಕ್ಕಳು ಕಾಲೇಜಿಗೆಂದು ಮನೆ ಬಿಡುವ ವಯಸ್ಸೂ ಅದೇ.

ಆಘಾತ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ದೃಶ್ಯಗಳು. ಶರಾವತಿಯ ಮುಳುಗಡೆ, ಗುಡ್ಡ ಜರಿದು ತೋಟ ಮುಚ್ಚಿಹೋದದ್ದು, ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದ ಅಪ್ಪ. ಇವೆಲ್ಲ ಆಘಾತಗಳೇ, ಸಂಶಯವಿಲ್ಲ. ಆದರೆ ಬ್ರಿಟನ್ನಿನಲ್ಲಿ 2,232 ಅವಳಿ ಮಕ್ಕಳನ್ನು ಚಿಕ್ಕಂದಿನಿಂದ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಬೇರೊಂದು ಸಂಗತಿಯನ್ನು ತೋರಿಸಿತು. ಹನ್ನೆರಡನೆಯ ವಯಸ್ಸಿನಲ್ಲಿ ‘ಇಲ್ಲದ ದನಿ ಕೇಳುತ್ತದೆ, ಯಾರೋ ನನ್ನ ಮನಸ್ಸನ್ನು ಓದುತ್ತಾರೆ’ ಎಂಬಂಥ ಅನುಭವಗಳನ್ನು ಹೇಳಿಕೊಂಡ ಮಕ್ಕಳನ್ನು ನೋಡಿದರೆ, ದೊಡ್ಡವರಿಂದ ಹಿಂಸೆಗೊಳಗಾದ ಮಕ್ಕಳಲ್ಲಿ ಅದರ ಸಂಭವ ಉಳಿದವರಿಗಿಂತ ಮೂರು ಪಟ್ಟಿನಷ್ಟಿತ್ತು. ಓರಗೆಯವರ ಕಾಟ ತಿಂದವರಲ್ಲಿ ಎರಡೂವರೆ ಪಟ್ಟು. ಅಪಘಾತಕ್ಕೆ ಸಿಕ್ಕ ಮಕ್ಕಳಲ್ಲಿ ಕೇವಲ ಒಂದೂವರೆ ಪಟ್ಟು.

ಈ ವ್ಯತ್ಯಾಸದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಪೇರಲೆ ಮರದಿಂದ ಬಿದ್ದು ಕೈ ಮುರಿದುಕೊಂಡ ಮಗುವಿಗೂ ನೋವಾಗುತ್ತದೆ. ಆದರೆ ಮರಕ್ಕೆ ಆ ಮಗುವಿನ ಮೇಲೆ ದ್ವೇಷವಿರಲಿಲ್ಲ. ಹೊಡೆದವನಿಗೆ ಇತ್ತು, ಅಥವಾ ಇತ್ತೆಂದು ಮಗು ಓದಿಕೊಂಡಿತು. ಬಿದ್ದ ಮಗುವಿನ ಸುತ್ತ ಇಡೀ ಮನೆ ನೆರೆಯುತ್ತದೆ. ಕತ್ತಲ ಕೋಣೆಯಲ್ಲಿ ನೆಂಟನೊಬ್ಬ ಮುಟ್ಟಿದ್ದನ್ನು ಮಗು ಯಾರಿಗೂ ಹೇಳುವುದಿಲ್ಲ. ಹೇಳಿದರೂ ‘ಹಾಗೆಲ್ಲ ಮಾತಾಡಬಾರದು’ ಎಂಬ ಉತ್ತರ ಬರುತ್ತದೆ. ಇನ್ನೊಬ್ಬರು ಬೇಕೆಂದೇ ಮಾಡಿದ್ದು, ಪದೇ ಪದೇ ಮಾಡಿದ್ದು, ಹೇಳಿಕೊಳ್ಳಲಾಗದ್ದು: ಸೈಕೋಸಿಸ್‌ಗೆ ಹತ್ತಿರವಾಗಿ ಕಾಣುವ ಆಘಾತದ ಚಹರೆ ಸಾಮಾನ್ಯವಾಗಿ ಹೀಗಿರುತ್ತದೆ. ಲೈಂಗಿಕ ದೌರ್ಜನ್ಯ, ಹೊಡೆತ, ಸದಾ ಹೀಯಾಳಿಕೆ, ಯಾರೂ ಕೇಳುವವರಿಲ್ಲದ ಬಾಲ್ಯ, ಶಾಲೆಯ ಕಾಟ ಇವೆಲ್ಲ ಅದರೊಳಗೆ ಬರುತ್ತವೆ.

2012ರಲ್ಲಿ ಸಂಶೋಧಕ ಫಿಲಿಪ್ಪೊ ವರೇಸೆ ಮತ್ತು ಸಂಗಡಿಗರು 36 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬಾಲ್ಯದಲ್ಲಿ ಇಂಥ ಸಂಕಟಗಳನ್ನು ಕಂಡವರಲ್ಲಿ ಮುಂದೆ ಸೈಕೋಸಿಸ್‌ನ ಸಂಭವ ಸುಮಾರು 2.8 ಪಟ್ಟು ಎಂಬುದು ಅವರ ಲೆಕ್ಕ. ಈ ಅಂಕಿ ಕೇಳಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಹಾಗಾಗಿ ಬಿಡಿಸಿ ನೋಡೋಣ. ನೂರರಲ್ಲಿ ಮೂವರಿಗೆ ಬರುವುದು ಏಳೆಂಟು ಮಂದಿಗೆ ಬಂದಂತೆ. ಅಂದರೆ ಉಳಿದ ತೊಂಬತ್ತಕ್ಕೂ ಹೆಚ್ಚು ಜನ ಅದೇ ಕಹಿಯನ್ನು ಉಂಡು ಸೈಕೋಸಿಸ್ ಇಲ್ಲದೆಯೇ ಬದುಕುತ್ತಾರೆ. ಇನ್ನೊಂದು ಕಡೆಯಿಂದ ನೋಡಿದರೆ, ಸೈಕೋಸಿಸ್ ಬಂದವರೆಲ್ಲರ ಹಿಂದೆ ಆಘಾತವೊಂದು ಅಡಗಿರಲೇಬೇಕೆಂದೂ ಇಲ್ಲ. ನೆಮ್ಮದಿಯ ಮನೆಯಲ್ಲಿ ಬೆಳೆದ ಮಗುವಿಗೂ ಬರುತ್ತದೆ. ಏನೂ ಆಗಿಲ್ಲದ ಮನೆಯಲ್ಲಿ ಏನೋ ಆಗಿರಬೇಕೆಂದು ಅಗೆಯುವುದೂ ಒಂದು ಬಗೆಯ ಮಾಟ ಹುಡುಕುವ ಕೆಲಸವೇ.

ಹಾಗಾದರೆ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಏಕೆ ಬರುವುದಿಲ್ಲ? ಇದಕ್ಕೆ ಅಡಿಕೆ ಬೆಳೆಗಾರರಿಗೆ ಪಾಠ ಹೇಳಬೇಕಾಗಿಲ್ಲ. ಕೊಳೆರೋಗ ತರುವ ಫೈಟೋಫ್ತೊರ ಎಂಬ ರೋಗಾಣು ತೋಟದಲ್ಲಿ ಮೊದಲೇ ಇರಬಹುದು. ಅದೊಂದೇ ಸಾಲದು, ಬಿಡದೆ ಹೊಯ್ಯುವ ಮಳೆ ಬೇಕು, ಗಾಳಿಯಾಡದ ಒತ್ತು ಬೇಕು, ಬೋರ್ಡೋ ದ್ರಾವಣ ಹೊಡೆಯುವುದು ತಡವಾಗಿರಬೇಕು. ಒಂದೇ ಮಳೆ ಸುರಿದರೂ ಹಳ್ಳದ ಆಚೆಯ ತೋಟ ಉಳಿಯುತ್ತದೆ, ಈಚೆಯದು ಉದುರುತ್ತದೆ. ಮನಸ್ಸಿನ ವಿಷಯದಲ್ಲಿ ಇದಕ್ಕೆ ಸಮೀಪವಾದ ಮಾತನ್ನು ಮನೋವಿಜ್ಞಾನಿಗಳಾದ ಜೋಸೆಫ್ ಜುಬಿನ್ ಮತ್ತು ಬಾನಿ ಸ್ಪ್ರಿಂಗ್ 1977ರಲ್ಲಿ ಹೇಳಿದರು: ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದ ಒಳದೌರ್ಬಲ್ಯವಿರುತ್ತದೆ, ಹೊರಗಿನ ಒತ್ತಡ ಅದನ್ನು ಮೀರಿದಾಗ ಕಾಯಿಲೆ ಕಾಣಿಸುತ್ತದೆ. ಒಳದೌರ್ಬಲ್ಯದಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಆದರೆ ವಂಶವಾಹಿಗಳೆಲ್ಲ ಒಂದೇ ಆಗಿರುವ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಂದರೆ ಇನ್ನೊಬ್ಬರಿಗೂ ಬರುವ ಸಂಭವ ಅರ್ಧವನ್ನು ದಾಟುವುದಿಲ್ಲ. ಉಳಿದ ಅರ್ಧದಲ್ಲಿ ಹುಟ್ಟಿನ ಹೊತ್ತಿನ ತೊಂದರೆ, ಗಾಂಜಾ, ಊರು ಬಿಟ್ಟು ಪರಕೀಯರಾಗಿ ಬದುಕುವುದು, ಆಘಾತ ಎಲ್ಲವೂ ಸೇರಿವೆ. ಗಾಂಜಾವನ್ನು ಪಟ್ಟಿಯಲ್ಲಿ ಸುಮ್ಮನೆ ದಾಟಿಸಬಾರದು. ನಿದ್ದೆ ಬರದ ಹುಡುಗ ನೆನಪನ್ನು ಮಂಕಾಗಿಸಲು ಅದನ್ನು ಹಿಡಿಯುತ್ತಾನೆ, ಅದು ಬೇರೊಂದು ಬಾಗಿಲನ್ನು ತೆರೆಯುತ್ತದೆ.

ಈಗ ಮೆದುಳಿನ ಒಳಗೆ ನಡೆಯುವುದಕ್ಕೆ ಬರೋಣ. ಕಾಡಂಚಿನ ಮನೆಯ ಅಂಗಳದಿಂದ ಒಂದು ರಾತ್ರಿ ಚಿರತೆ ನಾಯಿಯೊಂದನ್ನು ಹೊತ್ತೊಯ್ಯಿತು ಎಂದುಕೊಳ್ಳಿ. ಉಳಿದ ನಾಯಿ ಅಂದಿನಿಂದ ಮಲಗುವುದಿಲ್ಲ. ಸೋಗೆ ಬಿದ್ದರೂ ಬೊಗಳುತ್ತದೆ, ದನ ಮಗ್ಗುಲು ಬದಲಿಸಿದರೂ ಬೊಗಳುತ್ತದೆ, ಕೊನೆಗೆ ಮನೆಯವರನ್ನು ಕಂಡೂ ಗುರುಗುಟ್ಟುತ್ತದೆ. ಅದಕ್ಕೆ ಹುಚ್ಚು ಹಿಡಿದಿಲ್ಲ, ಒಮ್ಮೆ ನಿಜವಾಗಿದ್ದ ಅಪಾಯಕ್ಕೆ ಸರಿಯಾಗಿಯೇ ಪಾಠ ಕಲಿತಿದೆ. ನಮ್ಮ ದೇಹದಲ್ಲಿ ಈ ಕಾವಲಿನ ಕೆಲಸವನ್ನು ಮೆದುಳಿನ ಹೈಪೋಥಲಾಮಸ್, ಪಿಟ್ಯುಟರಿ ಮತ್ತು ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಸೇರಿ ನಡೆಸುತ್ತವೆ. ಅಪಾಯ ಕಂಡಾಗ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ, ಅಪಾಯ ಸರಿದಾಗ ಇಳಿಯಬೇಕು. ಬಾಲ್ಯದಲ್ಲಿ ಅಪಾಯ ಸರಿಯುವುದೇ ಇಲ್ಲದಿದ್ದರೆ ಈ ಏರಿಳಿತದ ಹದ ಕೆಡುತ್ತದೆ. ಮುಂದೆ ಸಣ್ಣ ಒತ್ತಡಕ್ಕೂ ದೊಡ್ಡ ಪ್ರತಿಕ್ರಿಯೆ.

ಇದರ ಮೇಲೆ ಡೋಪಮೈನ್ ಬಂದು ಕೂರುತ್ತದೆ. ಡೋಪಮೈನನ್ನು ಸುಖದ ರಾಸಾಯನಿಕವೆಂದು ಪತ್ರಿಕೆಗಳು ಬರೆಯುತ್ತಲೇ ಇರುತ್ತವೆ. ಇಲ್ಲಿ ಅದರ ಕೆಲಸ ಬೇರೆ. ಸಾವಿರ ಸದ್ದುಗಳ ನಡುವೆ ‘ಇದು ನಿನಗೆ ಸಂಬಂಧಿಸಿದ್ದು, ಗಮನಿಸು’ ಎಂದು ಚೀಟಿ ಅಂಟಿಸುವ ಕೆಲಸ. ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ವಿವರಿಸಿದ ಪ್ರಕಾರ, ಸೈಕೋಸಿಸ್‌ನಲ್ಲಿ ಈ ಚೀಟಿಗಳು ಸಿಕ್ಕಸಿಕ್ಕದ್ದಕ್ಕೆಲ್ಲ ಅಂಟತೊಡಗುತ್ತವೆ. ಎದುರಿಗೆ ಬಂದವನ ಕೆಮ್ಮು, ಬಸ್ಸಿನ ನಂಬರು, ಹಂಚಿನ ಮೇಲಿನ ಮಳೆ ಎಲ್ಲವೂ ತನಗೇ ಏನನ್ನೋ ಹೇಳುತ್ತಿವೆ. ಎಲ್ಲವೂ ಅರ್ಥಪೂರ್ಣವೆನ್ನಿಸುವಾಗ ಮನಸ್ಸು ಸುಮ್ಮನಿರಲಾರದು, ಕಾರಣವೊಂದನ್ನು ಕಟ್ಟಿಕೊಳ್ಳುತ್ತದೆ. ಜನರು ನೋಯಿಸುವವರು, ತಾನು ನೋಯಿಸಿಕೊಳ್ಳಲು ತಕ್ಕವನು ಎಂಬುದನ್ನು ಬಾಲ್ಯವೇ ಕಲಿಸಿದ್ದರೆ, ಆ ಕಾರಣ ಯಾವ ದಿಕ್ಕಿಗೆ ಹೋಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ‘ಅವರು ನನ್ನ ಹಿಂದೆ ಬಿದ್ದಿದ್ದಾರೆ.’

ದನಿಗಳ ಕತೆ ಇನ್ನೂ ಸೂಕ್ಷ್ಮವಾದದ್ದು. ತಡೆಯಲಾಗದ ನೋವಿನ ಹೊತ್ತಿನಲ್ಲಿ ಮನಸ್ಸು ದೇಹವನ್ನು ಅಲ್ಲೇ ಬಿಟ್ಟು ದೂರ ಸರಿಯುವುದುಂಟು. ಅನುಭವಿಸಿದವರು ‘ನಾನು ಮಾಡಿನ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದೆ’ ಎಂಬಂತೆ ವರ್ಣಿಸುತ್ತಾರೆ. ಹೀಗೆ ಬೇರ್ಪಟ್ಟು ಉಳಿದ ನೆನಪಿಗೆ ‘ಇದು ಅಂದಿನದು, ಮುಗಿದುಹೋದದ್ದು’ ಎಂಬ ಮುದ್ರೆ ಬಿದ್ದಿರುವುದಿಲ್ಲ. ಅದು ಎದ್ದು ಬಂದಾಗ ತನ್ನದೇ ನೆನಪು ಅನ್ನಿಸದೆ ಹೊರಗಿನ ಮಾತಾಗಿ ಕೇಳಿಸಬಹುದು. ಹಲವರಲ್ಲಿ ದನಿ ಆಡುವ ಮಾತಿಗೂ ನಡೆದ ಘಟನೆಗೂ ನೆಂಟಸ್ತಿಕೆ ಕಾಣುತ್ತದೆ. ಪದಶಃ ಅದೇ ಮಾತಾಗಿರಬೇಕಿಲ್ಲ. ಅವಮಾನಪಟ್ಟವನಿಗೆ ಅವಮಾನಿಸುವ ದನಿ, ಬೆದರಿದವಳಿಗೆ ಬೆದರಿಸುವ ದನಿ. ನಮ್ಮ ಹುಡುಗನಿಗೆ ಮಳೆಯೊಳಗೆ ಬೈಯುವವರು ಇಬ್ಬರೇ ಏಕೆ ಎಂದು ಯಾರೂ ಕೇಳಿಲ್ಲ ಎಂಬುದನ್ನು ಇಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಓದುವವರಿಗೊಂದು ಅನುಮಾನ ಬರಬೇಕು. ಕಾಯಿಲೆಯಲ್ಲಿರುವವರು ಹೇಳುವ ಹಳೆಯ ನೆನಪನ್ನು ನಂಬುವುದು ಹೇಗೆ? ಅಥವಾ ಕಾಯಿಲೆಯ ಮೊದಲ ಲಕ್ಷಣವಾಗಿ ಹುಡುಗ ವಿಚಿತ್ರವಾಗಿ ನಡೆದುಕೊಂಡದ್ದಕ್ಕೇ ಉಳಿದವರು ಕಾಡಿರಬಹುದಲ್ಲವೆ? ಈ ಆಕ್ಷೇಪ ಬಹುಕಾಲ ಗಟ್ಟಿಯಾಗಿತ್ತು. ಐರ್ಲೆಂಡಿನಲ್ಲಿ 13ರಿಂದ 16 ವಯಸ್ಸಿನ 1,112 ವಿದ್ಯಾರ್ಥಿಗಳನ್ನು ಒಂದು ವರ್ಷ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅರ್ಧ ಉತ್ತರ ಕೊಟ್ಟಿತು. ಕಾಟ ಹೆಚ್ಚಾದಷ್ಟೂ ಇಂಥ ಅನುಭವಗಳು ಹೆಚ್ಚಿದ್ದವು. ಕಾಟ ನಿಂತ ಮಕ್ಕಳಲ್ಲಿ ಅವು ಗಮನಾರ್ಹವಾಗಿ ಇಳಿದವು. ಎರಡನೆಯ ಮಾತೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಅದರಲ್ಲಿ ಮಾಡಬಹುದಾದ ಕೆಲಸವೊಂದಿದೆ. ಮನಸ್ಸಿಗೆ ಔಷಧಿ ಹುಡುಕುವ ಮೊದಲು ಹೊಡೆಯುವ ಕೈಯನ್ನು ಹಿಡಿಯಬಹುದು. ಅಪ್ರಾಪ್ತ ಮಕ್ಕಳ ವಿಷಯದಲ್ಲಿ 1098 ಸಹಾಯವಾಣಿ ಇರುವುದು, 2012ರ ಪೋಕ್ಸೊ ಕಾಯ್ದೆ ಇರುವುದು ಅದಕ್ಕೇ.

ವೈದ್ಯಲೋಕ ಈ ಮೂರನೆಯ ಪ್ರಶ್ನೆಯನ್ನು ಕೈಬಿಟ್ಟದ್ದಕ್ಕೂ ಒಂದು ಇತಿಹಾಸವಿದೆ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ ಎಂಬರ್ಥದ ಪದವನ್ನು ಬಳಸಿದರು. ಅದು ಪ್ರಬಲವಾಯಿತು, ಎಷ್ಟೋ ತಾಯಂದಿರು ಮಗನ ಕಾಯಿಲೆಯ ಜೊತೆಗೆ ಅದರ ಆರೋಪವನ್ನೂ ಹೊತ್ತರು. ಪುರಾವೆಯಿಲ್ಲದ ಆ ವಾದ ಬಿದ್ದುಹೋದಾಗ, ಮನೆಯೊಳಗೆ ಏನು ನಡೆಯಿತೆಂದು ಕೇಳುವುದೇ ಅಸಭ್ಯವೆಂಬ ಸಂಕೋಚ ಉಳಿಯಿತು. ವಂಶವಾಹಿ ಮತ್ತು ಮೆದುಳಿನ ಸಂಶೋಧನೆಗಳು ಆ ಜಾಗವನ್ನು ತುಂಬಿದವು. ತಾಯಿಯನ್ನು ದೂರಿದ್ದೂ ತಪ್ಪು, ಆ ತಪ್ಪಿಗೆ ಹೆದರಿ ಬಾಯಿ ಮುಚ್ಚಿಕೊಂಡದ್ದೂ ತಪ್ಪು ಎಂದೇ ನನ್ನ ಎಣಿಕೆ.

ಇಷ್ಟೆಲ್ಲ ಓದಿ, ‘ಹಾಗಾದರೆ ಇದು ಮನಸ್ಸಿನ ಗಾಯ, ಮಾತ್ರೆ ಏಕೆ?’ ಎಂದು ಯಾರಾದರೂ ಕೇಳಿದರೆ ನಾನು ಬರೆದದ್ದು ಹಾಳಾಯಿತು. ಕಾರಣ ಏನೇ ಇರಲಿ, ಚೀಟಿ ಅಂಟಿಸುವ ಯಂತ್ರ ಕೆಟ್ಟಿದೆ, ಮೊದಲು ಅದನ್ನು ನಿಲ್ಲಿಸಬೇಕು. ರಿಸ್ಪೆರಿಡೋನ್, ಒಲಾಂಜಪೈನ್‌ನಂಥ ಮಾತ್ರೆಗಳು ಡೋಪಮೈನಿನ ಅಬ್ಬರವನ್ನು ತಡೆಯುತ್ತವೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಾಗಿಲ್ಲ, ತೀರ್ಥಹಳ್ಳಿಯಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ತಂಡ ಆ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಮನೆಮನೆಯ ಮಟ್ಟದಲ್ಲಿ ಗುರುತಿಸಿ, ಒಂದು ವರ್ಷದ ಮೇಲೆ ಮತ್ತೆ ನೋಡಿ, ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿತು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಔಷಧಿ ಪಡೆದವರ ಅಸಾಮರ್ಥ್ಯ ಇಳಿಯುತ್ತ ಬಂದಿತ್ತು, ಪಡೆಯದವರದು ಹಾಗೇ ಉಳಿದಿತ್ತು. ಲೋಕದ ಮನೋವೈದ್ಯಕೀಯ ಪತ್ರಿಕೆಗಳಲ್ಲಿ ತೀರ್ಥಹಳ್ಳಿಯ ಹೆಸರು ಹೀಗೂ ಅಚ್ಚಾಗಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ತಡವೂ ಒಂದು ವಿಷವೇ. ಮೊದಲ ಲಕ್ಷಣಕ್ಕೂ ಮೊದಲ ಮಾತ್ರೆಗೂ ನಡುವಿನ ಕಾಲ ಉದ್ದವಾದಷ್ಟು ಚೇತರಿಕೆ ಕಷ್ಟವಾಗುತ್ತದೆ. ಮೆಲ್ಬರ್ನಿನಲ್ಲಿ ಮನೋವೈದ್ಯ ಪ್ಯಾಟ್ರಿಕ್ ಮೆಗೋರಿ ತಂಡ 1992ರಲ್ಲಿ ಮೊದಲ ಸೈಕೋಸಿಸ್‌ಗೆಂದೇ ಪ್ರತ್ಯೇಕ ಸೇವೆ ತೆರೆದದ್ದು ಈ ಕಾಲವನ್ನು ಮೊಟಕುಗೊಳಿಸಲು. ನೋಟ ನೋಡಿಸುವುದನ್ನು ಬಿಡಿ ಎಂದು ಅಜ್ಜಿಗೆ ಹೇಳಿ ಜಗಳವಾಡುವುದರಿಂದ ತಡ ಇನ್ನೂ ಹೆಚ್ಚುತ್ತದೆ. ತಾಯಿತವೂ ಇರಲಿ, ಮಾತ್ರೆಯೂ ಇರಲಿ ಎಂದರೆ ಕೆಲಸ ಸಾಗುತ್ತದೆ. ಸರಪಳಿ ಹಾಕುವುದು ಮಾತ್ರ ಕೂಡದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ಯಾವ ರೂಪದಲ್ಲೂ ನಿಷೇಧಿಸಿದೆ.

ಮಲೆನಾಡಿನಲ್ಲಿ ವೈದ್ಯರು ಮೊದಲು ಕೇಳಬೇಕಾದ ಇನ್ನೊಂದು ಮಾತಿದೆ: ಜ್ವರ ಬಂದಿತ್ತೆ, ಕಾಡಿಗೆ ಹೋಗಿದ್ದನೆ, ಉಣುಗು ಕಚ್ಚಿತ್ತೆ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕೆಲವರಲ್ಲಿ ಬಿಟ್ಟ ಹಾಗೆ ಮಾಡಿ ಮತ್ತೆ ಮರುಕಳಿಸುತ್ತದೆ. ಆಗ ತಲೆನೋವು, ನಡುಕದ ಜೊತೆಗೆ ಮನಸ್ಸಿನ ಗೊಂದಲವೂ ಬರಬಹುದು. ಥೈರಾಯ್ಡ್, ಮೂರ್ಛೆರೋಗ, ಮೆದುಳಿನ ಉರಿಯೂತಗಳೂ ಸೈಕೋಸಿಸ್‌ನ ವೇಷ ಹಾಕಿಕೊಂಡು ಬರುತ್ತವೆ. ಇನ್ನು ಸಾವು, ಬೆಂಕಿ, ಹಲ್ಲೆಯಂಥ ಘಟನೆಯಾಗಿ ಎರಡು ವಾರದೊಳಗೆ ಏಕಾಏಕಿ ಶುರುವಾಗುವ ಬಗೆಯೂ ಒಂದಿದೆ. ಭಾರತದಂಥ ದೇಶಗಳಲ್ಲಿ ಅದು ಹೆಚ್ಚು ಕಾಣುತ್ತದೆ, ಬಹುಪಾಲು ಮಂದಿ ವಾರಗಳಲ್ಲೋ ಎರಡು ಮೂರು ತಿಂಗಳಲ್ಲೋ ಪೂರ್ತಿ ಗುಣವಾಗುತ್ತಾರೆ. ಮಂತ್ರವಾದಿಗಳ ಕೀರ್ತಿಯಲ್ಲಿ ಒಂದು ಪಾಲು ಇವರಿಂದ ಬಂದದ್ದಿರಬೇಕು.

ಮೂರನೆಯ ಪ್ರಶ್ನೆಯನ್ನು ಕೇಳುವುದು ಯಾವಾಗ? ತಟ್ಟೆ ಸರಿಸುವ ದಿನವಲ್ಲ. ಆಗ ಬೇಕಾದದ್ದು ನಿದ್ದೆ, ಮಾತ್ರೆ, ಜಗಳವಿಲ್ಲದ ಮನೆ. ದನಿ ಕೇಳುತ್ತದೆ ಎಂದಾಗ ‘ಸುಳ್ಳು, ಏನೂ ಇಲ್ಲ’ ಎನ್ನುವುದೂ ಬೇಡ, ‘ಹೌದು, ನನಗೂ ಕೇಳುತ್ತಿದೆ’ ಎನ್ನುವುದೂ ಬೇಡ. ‘ನನಗೆ ಕೇಳಿಸುತ್ತಿಲ್ಲ, ನಿನಗೆ ಹೆದರಿಕೆಯಾಗಿದೆ ಎಂಬುದು ಗೊತ್ತಾಗುತ್ತಿದೆ’ ಎಂದರೆ ಸಾಕು. ಬಲವಂತವಾಗಿ ಕೆದಕಿದರೆ ಗಾಯ ಹಸಿಯಾಗುತ್ತದೆ. ಆದರೆ ಎಂದೆಂದಿಗೂ ಕೇಳದಿರುವುದೂ ಎಚ್ಚರಿಕೆಯಲ್ಲ. ಸೈಕೋಸಿಸ್ ಇದ್ದವರ ಹಳೆಯ ಆಘಾತವನ್ನು ಮುಟ್ಟಿದರೆ ಕಾಯಿಲೆ ಕೆರಳುತ್ತದೆ ಎಂಬ ಭಯ ವೈದ್ಯರಲ್ಲೇ ಇತ್ತು. ನೆದರ್ಲೆಂಡ್ಸ್‌ನಲ್ಲಿ ಸೈಕೋಸಿಸ್ ಜೊತೆಗೆ ಆಘಾತೋತ್ತರ ಒತ್ತಡದ ಕಾಯಿಲೆಯೂ ಇದ್ದ 155 ಮಂದಿಯಲ್ಲಿ, ತರಬೇತಿ ಪಡೆದವರು ಆಘಾತವನ್ನೇ ನೇರವಾಗಿ ಮುಟ್ಟುವ ಚಿಕಿತ್ಸೆಯನ್ನು ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆಘಾತದ ಲಕ್ಷಣಗಳು ಇಳಿದವು, ಸೈಕೋಸಿಸ್ ಕೆರಳಲಿಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಥ ಚಿಕಿತ್ಸಕರು ಸಿಗುವುದು ಅಪರೂಪ. ಇರುವುದನ್ನು ಹೇಳುತ್ತೇನೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ನಮ್ಮ ಹುಡುಗ ಶ್ರಾವಣದ ಹೊತ್ತಿಗೆ ಮಾತ್ರೆ ನುಂಗತೊಡಗಿದ್ದ. ದಸರೆಯ ವೇಳೆಗೆ ಕಿಟಕಿಯ ಗೋಣಿಚೀಲ ಕಳಚಿತು. ಬಾಯಿ ಬಿಟ್ಟದ್ದು ಕಾರ್ತಿಕದಲ್ಲಿ, ಅಡಿಕೆ ಸುಲಿಯುವ ಒಂದು ರಾತ್ರಿ. ಸುಲಿಯುವ ಜಗಲಿಯ ಗುಣವೇ ಅದು: ಮೆಟ್ಟುಗತ್ತಿಯ ಮೇಲೆ ಕೈ, ಕೆಳಗೆ ಕಣ್ಣು, ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ. ಉಳಿದವರು ಎದ್ದುಹೋದ ಮೇಲೆ ಅವನು ಹಾಸ್ಟೆಲಿನ ಇಬ್ಬರ ವಿಷಯ ಹೇಳಿದ, ಮೊದಲು ಒಂದು ವಾಕ್ಯ, ಬಹಳ ಹೊತ್ತಿನ ಮೇಲೆ ಇನ್ನೊಂದು. ಅಜ್ಜಿ ತಲೆಯೆತ್ತಲಿಲ್ಲ, ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. ‘ಆಮೇಲೆ?’ ಎಂದು ಮಾತ್ರ ಕೇಳಿದಳು. ಮುಂದಿನ ಮಂಗಳವಾರ ಅವನ ಅಮ್ಮ ವೈದ್ಯರ ಎದುರು ಕೂತು, ಮಾತ್ರೆಯ ಚೀಟಿ ಕೊಡುವ ಮೊದಲು ತನಗೆ ಹತ್ತು ನಿಮಿಷ ಬೇಕೆಂದಳು.